ಎಲೆಯ ಎಡತುದಿಗೆ ಉಪ್ಪು

ಹಳದೀಪುರದ ಹರಿಹರ ಭಟ್ಟರ ಜಗಲಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಕಂಬಕ್ಕೆ ಒರಗಿಸಿಟ್ಟ ಕನ್ನಡಿಯ ಮುಂದೆ ಕೂತು ಭಟ್ಟರು ಗಡ್ಡ ಹೆರೆದುಕೊಳ್ಳುತ್ತಿದ್ದಾರೆ. ಬಲಗೆನ್ನೆ ಮುಗಿಯಿತು, ಗದ್ದದ ಬಲಭಾಗ ಮುಗಿಯಿತು. ರೇಜರನ್ನು ತಂಬಿಗೆಯ ನೀರಿಗೆ ಅದ್ದಿ, ಕೊಡವಿ, ಬದಿಗಿಟ್ಟು "ಆತು" ಎನ್ನುತ್ತಾರೆ. ಎಡಗೆನ್ನೆಯ ಮೇಲೆ ಸಾಬೂನಿನ ನೊರೆ ಹಾಗೆಯೇ ಕೂತಿದೆ.

ಅವರ ಎಡಮಗ್ಗುಲಿಗೆ ಮಣೆ ಎಳೆದುಕೊಂಡು ಕೂತ ಬಂಗಾರಿ ನಾಯ್ಕ ನಗುವುದಿಲ್ಲ, ಗದರುವುದೂ ಇಲ್ಲ. "ಭಟ್ರೆ, ಅರ್ಧ ಗದ್ದೆ ಕೊಯ್ದು ಮನೆಗೆ ಹೋಗೂದಾ? ಉಳದದ್ದು ಯಾರು ಕೊಯ್ಯೂದು?" ಎಂದು ಕೇಳುತ್ತಾರೆ.

ಭಟ್ಟರ ಕುತ್ತಿಗೆ ಆ ದನಿಯ ಕಡೆ ತಿರುಗಲು ಹೊತ್ತು ಹಿಡಿಯುತ್ತದೆ. ಬಂಗಾರಿ ಕಾಯುತ್ತಾರೆ. ಮುಖ ಹಿಡಿದು ತಿರುಗಿಸುವುದಿಲ್ಲ, ಕನ್ನಡಿ ಸರಿಸಿ ಕೊಡುವುದೂ ಇಲ್ಲ. ಕೊನೆಗೆ ಭಟ್ಟರ ಬಲಗೈ ತಡವುತ್ತ ಎಡಗೆನ್ನೆಗೆ ಹೋಗಿ ನೊರೆ ಮುಟ್ಟುತ್ತದೆ. "ಹೌದಲೆ, ಇಲ್ಲೊಂದು ಕೆನ್ನೆ ಇದ್ದು" ಎಂದು ಅವರು ಮತ್ತೆ ರೇಜರ್ ಎತ್ತಿಕೊಳ್ಳುತ್ತಾರೆ. ಬಂಗಾರಿಯ ದಿನದ ಮೊದಲ ಕೆಲಸ ಮುಗಿಯುವುದು ಹೀಗೆ.

ಚೀಲ ಹೆಗಲಿಗೇರಿಸಿ ಹೊರಟವರನ್ನು ಭಟ್ಟರು ಇವತ್ತು ಕೂಗಿ ನಿಲ್ಲಿಸುತ್ತಾರೆ. "ಮಧ್ಯಾಹ್ನ ತಪ್ಸಡ. ಎಲೆ ಹಾಕ್ಸಿಡ್ತೆ."

ಇವತ್ತು ಈ ಮನೆಯಲ್ಲಿ ಬಂಗಾರಿಗೆ ಊಟ. ಬಡಿಸುವವರು ಸ್ವತಃ ಭಟ್ಟರು. ಲಕ್ವ ಹೊಡೆದು ಅವರ ಕೈಯಿಂದ ಸೌಟು ಜಾರಿ ಎರಡು ವರ್ಷವಾಯಿತು. ಎಲೆಯ ಎರಡೂ ಬದಿಗೆ ಅವರ ಕಣ್ಣು ಹೋದೀತೋ ಇಲ್ಲವೋ ಎಂಬ ಅಳುಕು ಮನೆಯವರಿಗೆಲ್ಲ ಇದೆ. ಬಂಗಾರಿಗೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಕರ್ಕಿಯ ಬಂಗಾರಿಗೆ ಐವತ್ತು ದಾಟಿರಬೇಕು. "ನೆರೆ ಬಂದ ವರ್ಷ ಹುಟ್ಟಿದ್ದು ಅಂತಿದ್ಲು ಆಯಿ. ನೆರೆ ಯಾವ ವರ್ಷ ಬರೂದಿಲ್ಲ ಹೇಳಿ?" ಎಂದು ತಾವೇ ನಗುತ್ತಾರೆ. ಅವರು ನರ್ಸ್ ಅಲ್ಲ, ಆಸ್ಪತ್ರೆಯ ಆಯಾ ಅಲ್ಲ, ಯಾವ ಹಾಜರಿ ಪುಸ್ತಕದಲ್ಲೂ ಅವರ ಹೆಸರಿಲ್ಲ. ಆದರೆ ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿಯ ಅಕ್ಕಪಕ್ಕದ ಊರುಗಳಲ್ಲಿ ಲಕ್ವ ಹೊಡೆದವರನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ, ಇನ್ನು ಮುಂದೇನು ಎಂದು ಮನೆಮಂದಿ ಮುಖ ಮುಖ ನೋಡಿಕೊಳ್ಳುವ ಹೊತ್ತಿನಲ್ಲಿ, ಯಾರಾದರೊಬ್ಬರು "ಬಂಗಾರಿಗೆ ಹೇಳಿ ಕಳ್ಸಿ" ಎನ್ನುತ್ತಾರೆ. ಕೈಕಾಲು ತೀಡಿ, ಕೂರಿಸಿ, ನಿಲ್ಲಿಸಿ, ನಡೆಸಿ, ಮತ್ತೆ ಉಣ್ಣಲು ಉಡಲು ಕಲಿಸುವುದು ಅವರ ಕೆಲಸ. ಬೆಳಗಿನ ಟೆಂಪೊ ಹತ್ತಿದರೆ ದಿನಕ್ಕೆ ನಾಲ್ಕು ಮನೆ, ಒಮ್ಮೊಮ್ಮೆ ಐದು. ನೂಕುನುಗ್ಗಲಲ್ಲಿ ನಿಂತೇ ಹೋಗಿ ಹೋಗಿ ಈಗ ಅವರ ಮೊಣಕಾಲೇ ತೀಡಿಸಿಕೊಳ್ಳುವ ಸ್ಥಿತಿಗೆ ಬಂದಿದೆ. ಗಂಡ ಮಾಬ್ಲ ಲಾರಿಗೆ ಚಿರೇಕಲ್ಲು ತುಂಬುತ್ತಿದ್ದವರು, ಬೆನ್ನು ಹಿಡಿದುಕೊಂಡ ಮೇಲೆ ಮನೆಯ ಒಲೆ ಅವರ ಪಾಲಿಗೆ ಬಂದಿದೆ. "ಅವ್ರ ಸಾರಿಗೆ ನಾನು ಹೆಸರಿಡೂದಿಲ್ಲ. ಹೆಸರಿಟ್ರೆ ನಾನೇ ಮಾಡ್ಬೇಕಲ್ಲ" ಎನ್ನುತ್ತಾರೆ ಬಂಗಾರಿ.

ಈ ಕೆಲಸ ಕಲಿಸಿದ್ದು ಅತ್ತೆ ನಾಗಮ್ಮನ ಕಾಯಿಲೆ. ತೊಂಬತ್ತೇಳನೇ ಇಸವಿಯ ಸುಮಾರಿಗೆ ನಾಗಮ್ಮ ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು ಸೋತವು, ಮಾತು ನಿಂತೇಹೋಯಿತು. ಗಾಳಿ ಸೋಕಿದೆ ಎಂದು ಕೆಲವರು ತಾಯತ ಕಟ್ಟಿದರು. ಮುದುಕಿಗೆ ಬುದ್ಧಿಯೇ ಹೋಯಿತು ಎಂದು ಉಳಿದವರು ತೀರ್ಮಾನಿಸಿದರು. ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ವ್ಯಾಯಾಮ ಕಲಿಸುವ ಫಿಸಿಯೊಥೆರಪಿಸ್ಟ್ ಮಾಲತಿ ಮಾತ್ರ ಬೇರೆ ಮಾತು ಹೇಳಿದರು: "ನಿಮ್ಮತ್ತೆಯ ಬುದ್ಧಿ ಎಲ್ಲಿಗೂ ಹೋಗಿಲ್ಲ. ಮಿದುಳಿನ ಎಡಭಾಗದಲ್ಲಿ ಮಾತು ಹೊರಡಿಸುವ ಜಾಗ ಒಂದಿದೆ, ಪೆಟ್ಟು ಬಿದ್ದದ್ದು ಅಲ್ಲಿಗೆ. ನೀವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತದೆ."

ಅವತ್ತು ಟೆಂಪೊದಲ್ಲಿ ಕರ್ಕಿಯವರೆಗೂ ಬಂಗಾರಿ ಅಳುತ್ತಲೇ ಬಂದರು. "ಇನ್ನೆಷ್ಟು ದಿವ್ಸವೋ, ಕಟ್ಟಿಗೆ ಒಟ್ಟಿಡ್ಬೇಕಾ ಅಂತ ಅವ್ರ ಎದುರಿಗೇ ಆಡ್ಕಂಡಿದ್ರು ಜನ. ನಾನೂ ಹೂಂ ಅಂದಿದ್ದೆ. ಅದಷ್ಟೂ ಅವ್ರಿಗೆ ಕೇಳ್ತಿತ್ತು. ತಿಳೀತಿತ್ತು" ಎಂದು ಹೇಳುವಾಗ ಇಷ್ಟು ವರ್ಷದ ಮೇಲೂ ಅವರ ದನಿ ಇಳಿಯುತ್ತದೆ. ಮನೆಗೆ ಬಂದವರೇ ಅತ್ತೆಯ ಕಾಲು ಹಿಡಿದುಕೊಂಡರಂತೆ. ನಾಗಮ್ಮ ಎಡಗೈಯಿಂದ ಸೊಸೆಯ ತಲೆ ಸವರಿದರಂತೆ.

ಅಲ್ಲಿಂದ ಮುಂದೆ ಬಂಗಾರಿ ಮಾಲತಿಯವರ ಬೆನ್ನು ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಬಿಡಲಿಲ್ಲ. ಮಿದುಳಿನ ಎಡಭಾಗ ಬಲಗೈ ಬಲಗಾಲನ್ನು ಆಳುತ್ತದೆ, ಬಲಭಾಗ ಎಡದ್ದನ್ನು ಆಳುತ್ತದೆ. ಕಣ್ಣು ಮುಂದಿದ್ದರೂ ಕಂಡದ್ದು ತಿಳಿಯುವುದು ತಲೆಯ ಹಿಂಬದಿಯಲ್ಲಿ. ಕುತ್ತಿಗೆಯ ಮೇಲಿರುವ ಸಣ್ಣ ಮಿದುಳು ಮೈಯ ತೂಕ ತಪ್ಪದಂತೆ ಕಾಯುತ್ತದೆ. ಇದನ್ನೆಲ್ಲ ಮಾಲತಿ ಹೇಳುತ್ತ ಹೋದರು, ಬಂಗಾರಿ ಮನೆಮನೆಯಲ್ಲಿ ಕಣ್ಣಾರೆ ನೋಡುತ್ತ ಹೋದರು.

ಭಟ್ಟರ ಮನೆಯ ನಂತರ ಇವತ್ತು ಅವರು ಹೋಗುವುದು ಹೊನ್ನಾವರದ ಮೀನು ಪೇಟೆಯ ಹಿಂದಿರುವ ಗಂಗಿಯ ಮನೆಗೆ. ಗಂಗಿ ಮೀನು ಮಾರುತ್ತಿದ್ದವರು. ಮಾತು ಪೂರ್ತಿ ಹೋಗಿದೆ, ಬೈಗುಳ ಮಾತ್ರ ಉಳಿದಿದೆ. ನೀರು ಬೇಕೆಂದರೂ ಅದೇ, ಪ್ರೀತಿ ಬಂದರೂ ಅದೇ. ರೂಢಿಯಾಗಿ ಬಾಯಿಗೆ ಬರುವ ಮಾತು ಬೇರೆ ದಾರಿಯಲ್ಲಿ ಬರುತ್ತದಂತೆ, ಕಟ್ಟಿ ಆಡುವ ಮಾತಿನ ದಾರಿ ಮಾತ್ರ ಮುಚ್ಚಿದೆ. "ಬೈಗುಳದಲ್ಲೂ ರಾಗ ಬೇರೆ ಬೇರೆ ಇರ್ತದೆ. ನೀರಿನ ಬೈಗುಳ ಯಾವುದು, ಚಾದ್ದು ಯಾವುದು ಅಂತ ನಂಗೆ ಗುರ್ತ ಸಿಕ್ತದೆ" ಎನ್ನುತ್ತಾರೆ ಬಂಗಾರಿ. ಭಟ್ಕಳದಲ್ಲಿ ಒಬ್ಬ ಹಿರಿಯ ದರ್ಜಿ ಇದ್ದಾರೆ. ಅವರ ಕೈಕಾಲಿನಲ್ಲಿ ಬಲ ಇದೆ, ಆದರೆ ಎದ್ದು ನಿಂತರೆ ದೋಣಿಯಲ್ಲಿ ನಿಂತವರಂತೆ ಓಲಾಡುತ್ತಾರೆ. ಕುಡಿದಿದ್ದಾರೆಂದು ಬೀದಿಯವರು ಆಡಿಕೊಂಡಾಗ ಜನ್ಮದಲ್ಲಿ ಅದನ್ನು ಮುಟ್ಟದ ಆ ಮನುಷ್ಯ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಬಂಗಾರಿ ಅವರ ತೋಳು ಹಿಡಿದು ಅದೇ ಬೀದಿಯಲ್ಲಿ ಹಾಡುಹಗಲೇ ನಡೆಸಿದರು.

ಒಬ್ಬೊಬ್ಬರಿಗೆ ಒಂದೊಂದು ಜಾಗದ ಪೆಟ್ಟು. ಅವುಗಳಲ್ಲಿ ಎಲ್ಲಕ್ಕಿಂತ ಮೋಸದ್ದು ಭಟ್ಟರಿಗೆ ಬಿದ್ದ ಪೆಟ್ಟು ಎನ್ನುವುದು ಬಂಗಾರಿಯ ಅಭಿಪ್ರಾಯ.

ಹರಿಹರ ಭಟ್ಟರೆಂದರೆ ಈ ಭಾಗದ ಮದುವೆ, ಮುಂಜಿಗಳಲ್ಲಿ ದೊಡ್ಡ ಹೆಸರು. ಅಡುಗೆಯಷ್ಟೇ ಬಡಿಸುವುದರಲ್ಲೂ ಅವರದು ಕಟ್ಟುನಿಟ್ಟು. ಎಲೆಯ ಕುಡಿ ಉಣ್ಣುವವರ ಎಡಕ್ಕೆ. ಎಡತುದಿಗೆ ಮೊದಲು ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ. ಬಲಗಡೆ ಪಲ್ಯಗಳು, ಬಲದ ಕೆಳಮೂಲೆಗೆ ಪಾಯಸ, ನಡುವೆ ಅನ್ನ. ಒಂದರ ಜಾಗಕ್ಕೆ ಇನ್ನೊಂದು ಬಿದ್ದರೆ ಬಡಿಸುವ ಹುಡುಗರ ಜನ್ಮ ಜಾಲಾಡುತ್ತಿದ್ದರು. ಆ ದಿನಗಳಲ್ಲಿ ಬಂಗಾರಿಯೂ ಅದೇ ಮದುವೆಮನೆಗಳಲ್ಲಿ ಇರುತ್ತಿದ್ದರು, ಹಿತ್ತಿಲಲ್ಲಿ. ಕೊಪ್ಪರಿಗೆ ತಿಕ್ಕುವುದು, ಉಂಡೆಲೆ ತೆಗೆದು ಹೊಂಡಕ್ಕೆ ಹಾಕುವುದು ಅವರ ಪಾಲು. ಎಲ್ಲರದೂ ಆದ ಮೇಲೆ ಹಿತ್ತಿಲ ಕಟ್ಟೆಯಲ್ಲಿ ಅವರ ಊಟ.

೨೦೦೩ರ ಮಳೆಗಾಲ ಕಳೆದ ಮೇಲೆ ಒಂದು ಮುಂಜಿಮನೆಯ ಒಲೆಯ ಮುಂದೆ ಭಟ್ಟರು ಕುಸಿದರು. ಮಿದುಳಿನ ಬಲಭಾಗಕ್ಕೆ ಪೆಟ್ಟು. ಎಡಗೈ, ಎಡಗಾಲು ಸೋತವು. ಮಾತಿಗೆ ಮಾತ್ರ ಒಂದಿಷ್ಟೂ ಮುಕ್ಕಾಗಲಿಲ್ಲ. ತೊಂದರೆಯಾದದ್ದು ಅದರಿಂದಲೇ. ಮಾತು ಇಷ್ಟು ಚೊಕ್ಕ ಇದ್ದ ಮೇಲೆ ತಲೆಯೂ ಚೊಕ್ಕ ಇದೆ ಎಂದೇ ಎಲ್ಲರೂ ತಿಳಿದರು.

ಮನೆಗೆ ಬಂದ ಹದಿನೈದು ದಿನಕ್ಕೇ ಭಟ್ಟರು ಶುರು ಮಾಡಿದರು: "ಸೊಸೆ ಉಪ್ಪು ಬಡ್ಸಿದ್ದಿಲ್ಲೆ." ಮರುದಿನ ಉಪ್ಪಿನಕಾಯಿ ಇಲ್ಲ. ಅದರ ಮರುದಿನ ಚಟ್ನಿ ಇಲ್ಲ, ಕೋಸಂಬರಿ ಇಲ್ಲ, ಅನ್ನವೂ ಅರ್ಧವೇ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಆ ಮನೆಯಲ್ಲಿ ಬಡಿಸುವವರು ಸೊಸೆ ಸ್ಮೃತಿ ಒಬ್ಬರೇ. ಮದುವೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ. ಅವರು ಎಲ್ಲವನ್ನೂ ಅದರದರ ಜಾಗಕ್ಕೆ ಬಡಿಸುತ್ತಿದ್ದರು, ಮಾವ ಅದರ ಎದುರಿಗೇ ಕೂತು ಇಲ್ಲ ಎನ್ನುತ್ತಿದ್ದರು. ಹೇಳಿದ್ದು ಮನೆಯವರಿಗೆ ಮಾತ್ರವಲ್ಲ. ನೋಡಲು ಬಂದವರಿಗೆಲ್ಲ ಹೇಳಿದರು. ಊರಿಗೆಲ್ಲ ಉಪ್ಪು ಬಡಿಸಿದವನಿಗೆ ಅವನ ಮನೆಯಲ್ಲೇ ಉಪ್ಪಿಲ್ಲ ಎಂಬ ಮಾತು ಕರ್ಕಿಯ ಟೆಂಪೊವರೆಗೂ ಬಂತು.

ಮಗ ಶ್ರೀಧರರದು ಹೊನ್ನಾವರದಲ್ಲಿ ಬ್ಯಾಂಕಿನ ಕೆಲಸ. ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಅಪ್ಪನ ದೂರು, ಒಳಗೆ ಹೆಂಡತಿಯ ಕಣ್ಣೀರು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಒಂದು ಸಂಜೆ, "ಒಂಚೂರು ಉಪ್ಪು ಹಾಕುಲೆ ಎಂತಾಗ್ತು ನಿಂಗೆ?" ಎಂದು ಹೆಂಡತಿಯನ್ನೇ ಕೇಳಿಬಿಟ್ಟರು. ಮಾವನ ಮಾತನ್ನೆಲ್ಲ ನುಂಗಿಕೊಂಡಿದ್ದ ಸ್ಮೃತಿಗೆ ಗಂಡನ ಈ ಒಂದು ಮಾತು ನುಂಗಲಾಗಲಿಲ್ಲ. ಮರುದಿನ ಭಟ್ಟರ ಕೈಕಾಲು ತೀಡಲು ಬಂಗಾರಿ ಹೋದಾಗ ಬಾಗಿಲ ಸಂದಿಯಲ್ಲಿ ಸ್ಮೃತಿ ತವರಿಗೆಂದು ತುಂಬಿಟ್ಟ ಚೀಲ ಇತ್ತು.

"ನಾನೂ ಭಟ್ರದ್ದು ಹಟ ಅಂತ್ಲೇ ಅಂದ್ಕಂಡಿದ್ದೆ. ಪ್ರಾಯ ಆದವ್ರಿಗೆ ಇರ್ತದಲ್ಲ" ಎನ್ನುತ್ತಾರೆ ಬಂಗಾರಿ. ಆ ಮಧ್ಯಾಹ್ನ ಸ್ಮೃತಿ ಮಾವ ಉಂಡೆದ್ದ ಎಲೆಯನ್ನು ಹಾಗೇ ಬಿಟ್ಟು, "ಬಂಗಾರಕ್ಕ, ನೀವೇ ಬಂದು ನೋಡಿ. ಇದು ಉಪ್ಪಲ್ದಾ?" ಎಂದು ಕರೆದು ತೋರಿಸಿದರು. ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಬಡಿಸಿದಲ್ಲೇ ಇದ್ದವು. ಬಲಗಡೆ ಒಂದು ಅಗುಳಿಲ್ಲ. ನಡುವಿನ ಅನ್ನವನ್ನು ಗೆರೆ ಎಳೆದು ಬಲದ ಅರ್ಧ ಮಾತ್ರ ಉಂಡ ಹಾಗಿತ್ತು. ಉಂಡೆಲೆಗಳನ್ನೇ ಎತ್ತಿ ಬದುಕಿದ್ದ ಬಂಗಾರಿ ಅಂಥ ಎಲೆ ನೋಡಿರಲಿಲ್ಲ. "ಹಟ ಮಾಡೂ ಮನ್ಸ ಎಲೆ ದೂಡ್ತಾನೆ. ಹೀಂಗೆ ಗೆರೆ ಹಾಕಿ ಉಣ್ಣೂದಿಲ್ಲ." ಎರಡು ದಿವಸ ತಡೆದುಕೊಳ್ಳುವಂತೆ ಸ್ಮೃತಿಯ ಕೈ ಹಿಡಿದು ಬೇಡಿ, ಅವರು ಹೊನ್ನಾವರಕ್ಕೆ ಓಡಿದರು.

ಮಾಲತಿ ಕೇಳಿದ್ದು ಎರಡೇ ಪ್ರಶ್ನೆ: ಗಡ್ಡ ಅರ್ಧಕ್ಕೇ ಬಿಡ್ತಾರಾ? ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಾಗಿಸಿಕೊಳ್ತಾರಾ? ಎರಡಕ್ಕೂ ಹೌದು. "ಕಣ್ಣಿನ ದೋಷ ಅಲ್ಲ ಬಂಗಾರಿ. ಎಡಗಡೆ ಅನ್ನುವುದೊಂದು ಇದೆ ಎಂದು ಗಮನಕ್ಕೆ ತರುವ ಜಾಗ ಮಿದುಳಿನ ಬಲಭಾಗದಲ್ಲಿದೆ. ಅದಕ್ಕೇ ಪೆಟ್ಟಾಗಿದೆ. ಅವರ ಪಾಲಿಗೆ ಎಡಗಡೆಯೇ ಇಲ್ಲ. ಭಟ್ಟರು ಸುಳ್ಳು ಹೇಳ್ತಿಲ್ಲ, ಆ ಹುಡುಗಿಯೂ ಹೇಳ್ತಿಲ್ಲ. ಬೇಕಾದರೆ ತಟ್ಟೆ ತಿರುಗಿಸಿ ಇಟ್ಟು ನೋಡಿ" ಎಂದರು.

ಮಾಲತಿ ಹೇಳಿದ್ದು ತಟ್ಟೆಯ ಮಾತು. ಭಟ್ಟರು ಉಣ್ಣುವುದು ಬಾಳೆಲೆಯಲ್ಲಿ. ತಟ್ಟೆಗೆ ಹಿಂದು ಮುಂದಿಲ್ಲ, ಎಲೆಗೆ ಇದೆ. ಕುಡಿ ಬಲಕ್ಕೆ ಬರುವಂತೆ ಎಲೆ ಹಾಕುವುದು ಸತ್ತವರ ಕಾರ್ಯದಲ್ಲಿ ಮಾತ್ರ. ಆ ಕ್ಷಣದಲ್ಲಿ ಇದು ಬಂಗಾರಿಯ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಭಾನುವಾರ. ಶ್ರೀಧರ ಮನೆಯಲ್ಲೇ ಇದ್ದರು. ಭಟ್ಟರು ಬಲದ ಅರ್ಧ ಉಂಡು, ಎಂದಿನಂತೆ "ಉಪ್ಪು ಎಲ್ಲಿದ್ದು?" ಎಂದರು. ಊಟದ ಕೋಣೆಯ ಹೊಸಿಲಾಚೆ ಕೂತಿದ್ದ ಬಂಗಾರಿ ಎದ್ದು ಬಂದವರೇ ಎರಡೂ ಕೈಯಲ್ಲಿ ಎಲೆ ಹಿಡಿದು ಸುತ್ತ ತಿರುಗಿಸಿಟ್ಟರು. ಭಟ್ಟರು ಉಣ್ಣುವ ಎಲೆಯನ್ನು ಹೊರಗಿನವರು ಮುಟ್ಟಿದ್ದು ಒಂದು, ತಿರುಗಿಸಿದ್ದು ಇನ್ನೊಂದು. "ಬಂಗಾರೀ!" ಎಂದು ಶ್ರೀಧರ ಕೂಗಿದರು. ಸ್ಮೃತಿ ಬಾಯಿಗೆ ಸೆರಗು ಹಿಡಿದರು.

ಬಲಗಡೆಗೆ ಬಂದ ಕುಡಿ ಭಟ್ಟರ ಕಣ್ಣಿಗೆ ಬಿತ್ತು. "ಎಂತದಿದು! ನನ್ನ ಶ್ರಾದ್ಧ ಮಾಡ್ತ್ರಾ? ನಾ ಇನ್ನೂ ಸತ್ತಿದ್ನಿಲ್ಲೆ!" ಅವರ ದನಿಗೆ ಹಿತ್ತಿಲ ಕಾಗೆ ಹಾರಿತು.

"ಮಾಡಿದ್ದೆಂತದು ಅಂತ ಆಗ ತಿಳೀತು ನಂಗೆ. ನೆಲ ಬಾಯಿ ಬಿಟ್ರೆ ಸಾಕಾಗಿತ್ತು" ಎನ್ನುತ್ತಾರೆ ಬಂಗಾರಿ.

ಆದರೆ ಭಟ್ಟರ ಕಣ್ಣು ಕುಡಿಯಿಂದ ಆಚೆ ಕದಲಲಿಲ್ಲ. ಕುಡಿ ಇರುವಲ್ಲಿ ಉಪ್ಪು ಇರಬೇಕು. ಇತ್ತು. ಬೆರಳ ತುದಿಯಿಂದ ಮುಟ್ಟಿ ನಾಲಗೆಗೆ ಇಟ್ಟುಕೊಂಡರು. ಅದರ ಪಕ್ಕ ಉಪ್ಪಿನಕಾಯಿ. ಚಟ್ನಿ. ಕೋಸಂಬರಿ. ಬಡಿಸಿದ ಕ್ರಮದಲ್ಲೇ ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಹೋದರು. ಒಂದೂ ಜಾಗ ತಪ್ಪಿರಲಿಲ್ಲ.

"ಇದೆಲ್ಲ ಎಲ್ಲಿತ್ತು?" ಎಂದು ಭಟ್ಟರು ಕೇಳಿದರು.

"ನಿಮ್ಮ ಎಡಕ್ಕೇ ಇತ್ತು ಭಟ್ರೆ."

"ದಿನಾನೂ?"

"ದಿನಾನೂ ಇತ್ತು."

ಎಡಗಡೆಗೆ ನಿಂತಿದ್ದ ಸೊಸೆ ಭಟ್ಟರಿಗೆ ಕಾಣುತ್ತಿರಲಿಲ್ಲ. "ತಂಗಿ, ಎಲ್ಲಿದ್ದೆ ನೀನು?" ಎಂದು ಕರೆದರು. ಸ್ಮೃತಿ ಸುತ್ತು ಹಾಕಿ ಬಲಕ್ಕೆ ಬಂದರು. ಭಟ್ಟರು ಮುಖ ಎತ್ತಲಿಲ್ಲ. "ಬೇರೆ ಎಲೆ ಹಾಕು. ಒಂಚೂರು ಅನ್ನ ಬಡ್ಸು. ನಿನ್ನ ಕೈಲೇ ಉಣ್ತೆ" ಎಂದರು. ಐವತ್ತು ವರ್ಷ ಬಡಿಸುವವರನ್ನು ಬೈದೇ ರೂಢಿಯಿದ್ದ ಬಾಯಿಗೆ ಕ್ಷಮೆ ಕೇಳಲು ಇದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಬಾಗಿಲ ಸಂದಿಯ ಚೀಲವನ್ನು ಶ್ರೀಧರರೇ ಎತ್ತಿ ಒಳಗಿಟ್ಟರು. ಆಮೇಲೆ ಹೆಂಡತಿಗೆ ಅವರು ಏನು ಹೇಳಿದರೋ ಬಂಗಾರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವ ಪೈಕಿಯಲ್ಲ.

ಗೊತ್ತಾದ ಮಾತ್ರಕ್ಕೆ ಗುಣವಾಗಲಿಲ್ಲ. ಮರುದಿನ ಮತ್ತೆ ಎಡಗಡೆ ಇಲ್ಲ. ಎಲೆಯನ್ನು ಮಾತ್ರ ಮತ್ತೆಂದೂ ತಿರುಗಿಸಲಿಲ್ಲ. ಎದ್ದುಕಾಣುವ ಗುರುತೊಂದು ಎಡಕ್ಕಿರಲಿ, ಅಲ್ಲಿಯವರೆಗೆ ಹುಡುಕಲಿ ಎಂದು ಮಾಲತಿ ಹೇಳಿದ್ದರಿಂದ ಸ್ಮೃತಿ ದಿನವೂ ಎಲೆಯ ಎಡತುದಿಗೆ ಒಂದು ಕೆಂಪು ದಾಸವಾಳ ಇಡತೊಡಗಿದರು. ಹೂವು ಕಾಣುವವರೆಗೆ ಕತ್ತು ತಿರುಗಬೇಕು, ಹೂವು ಕಂಡ ಮೇಲೆ ತುತ್ತು. ಬಂಗಾರಿ ಯಾವಾಗಲೂ ಎಡಗಡೆಗೇ ಕೂತರು, ಎಡಗಡೆಯಿಂದಲೇ ಮಾತಾಡಿಸಿದರು. ಇದೆಲ್ಲ ಏಕೆಂದು ಮಾಲತಿ ಒಮ್ಮೆ ಮನೆಗೇ ಬಂದು ಭಟ್ಟರಿಗೆ ಬಿಡಿಸಿ ಹೇಳಿದರು. ಮಾತಿಗೊಂದು ಜಾಗ, ಕೈಗೊಂದು ಜಾಗ, ನೋಟಕ್ಕೊಂದು ಜಾಗ. ಎಲ್ಲ ಕೇಳಿ ಭಟ್ಟರು, "ಹಂಗಾದ್ರೆ ತಲೆಯೊಳಗೂ ಯಾರೋ ಕ್ರಮ ಗೊತ್ತಿದ್ದವನೇ ಬಡ್ಸಿದ್ದ" ಎಂದರಂತೆ.

ಮೊನ್ನೆ ಸ್ಮೃತಿ, "ಹಬ್ಬಕ್ಕೆ ಎಂತ ಸೀರೆ ತರ್ಲಿ ಬಂಗಾರಕ್ಕ?" ಎಂದು ಕೇಳಿದಾಗ ಬಂಗಾರಿ ನಕ್ಕು ಒಂದು ಮಾತು ಹೇಳಿದ್ದರು. "ಸೀರೆ ಬ್ಯಾಡ. ಅಷ್ಟು ವರ್ಷ ಭಟ್ರ ಪಾತ್ರೆ ತಿಕ್ಕಿದ್ದೆ, ಪಂಕ್ತಿಯಲ್ಲಿ ಕೂತದ್ದಿಲ್ಲ. ಒಂದಿನ ಭಟ್ರ ಕೈಲಿ ಬಡ್ಸ್ಕಂಡು ಉಣ್ಬೇಕು." ಒಳಗಿದ್ದ ಭಟ್ಟರಿಗೆ ಅದು ಕೇಳಿಸಿತು.

ಮಧ್ಯಾಹ್ನ ಗಂಗಿಯ ಬೈಗುಳವನ್ನೆಲ್ಲ ಕೇಳಿಸಿಕೊಂಡು ಬಂಗಾರಿ ಹಳದೀಪುರಕ್ಕೆ ಮರಳುತ್ತಾರೆ. ಹಿತ್ತಿಲಲ್ಲಲ್ಲ, ಜಗಲಿಯ ನಡುವೆ ಬೆಂಚಿನ ಮೇಲೆ ಎಲೆ ಹಾಕಿದೆ. ಆಚೆ ಬದಿಯ ಕುರ್ಚಿಯಲ್ಲಿ ಭಟ್ಟರು ಎದುರಾಗಿ ಕೂತಿದ್ದಾರೆ, ಅವರ ಎಡಕ್ಕೆ ಪಾತ್ರೆ ಹಿಡಿದು ಸ್ಮೃತಿ ನಿಂತಿದ್ದಾರೆ. ಇವತ್ತು ಎಲೆಯಲ್ಲಿ ದಾಸವಾಳ ಇಲ್ಲ. ಬೇಡವೆಂದವರು ಭಟ್ಟರೇ.

ಮೊದಲು ಉಪ್ಪು. ಅದು ಸಲೀಸಾಗಿ ಬೀಳುತ್ತದೆ, ಏಕೆಂದರೆ ಉಣ್ಣುವವರ ಎಡ ಎಂದರೆ ಎದುರಿಗಿರುವ ಬಡಿಸುವವರ ಬಲ. ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಜಾಗಕ್ಕೆ ಸರಿಯಾಗಿ ಬೀಳುತ್ತವೆ. ಕಷ್ಟ ಇರುವುದು ಪಲ್ಯದಲ್ಲಿ. ಅದರ ಜಾಗ ಬಂಗಾರಿಯ ಬಲಕ್ಕೆ, ಭಟ್ಟರ ಎಡಕ್ಕೆ. ಪಲ್ಯದ ಸೌಟು ಹಿಡಿದ ಕೈ ಎಲೆಯ ನಡುವೆ ಬಂದು ನಿಂತುಬಿಡುತ್ತದೆ. ಮುಂದೆ ಎಲೆಯೇ ಇಲ್ಲವೆಂಬಂತೆ ನಿಲ್ಲುತ್ತದೆ.

ಬಾಗಿಲಲ್ಲಿದ್ದ ಶ್ರೀಧರ ಏನೋ ಹೇಳಲು ಬಾಯಿ ತೆರೆಯುತ್ತಾರೆ. ಬಂಗಾರಿ ಕಣ್ಣಲ್ಲೇ ತಡೆಯುತ್ತಾರೆ. ಸೌಟಿನಿಂದ ಒಂದು ಚೂರು ಎಲೆಯ ನಡುವೆ ಬೀಳುತ್ತದೆ. ಭಟ್ಟರ ತುಟಿ ಅಲ್ಲಾಡುತ್ತಿದೆ. ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ ಎಂದು ಬಡಿಸುವ ಹುಡುಗರಿಗೆ ಹೇಳಿಕೊಡುತ್ತಿದ್ದ ಕ್ರಮವನ್ನೇ ತಮಗೆ ತಾವು ಹೇಳಿಕೊಳ್ಳುತ್ತಿದ್ದಾರೆ. ಕುತ್ತಿಗೆ ಮೆಲ್ಲಗೆ ಎಡಕ್ಕೆ ಹೊರಳುತ್ತದೆ, ಇನ್ನೂ ಸ್ವಲ್ಪ ಹೊರಳುತ್ತದೆ. ಪಲ್ಯ ತನ್ನ ಜಾಗಕ್ಕೆ ಬೀಳುತ್ತದೆ. ಆಮೇಲೆ ಕೊನೆಯ ಮೂಲೆಗೆ ಪಾಯಸ.

ಅನ್ನ ಬಡಿಸಿ, ಸೌಟು ಸೊಸೆಯ ಕೈಗೆ ಕೊಟ್ಟು, ಭಟ್ಟರು ಕೇಳುತ್ತಾರೆ: "ಎಂತಾದ್ರೂ ಬಿಟ್ಟು ಹೋತಾ ಬಂಗಾರಿ?"

ಬಂಗಾರಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂತದೂ ಬಿಟ್ಟಿಲ್ಲ ಭಟ್ರೆ. ಎರಡೂ ಬದಿ ತುಂಬ್ಯದೆ" ಎನ್ನುತ್ತಾರೆ.

ಊಟವಾದ ಮೇಲೆ ಮತ್ತೆ ಚೀಲ ಹೆಗಲಿಗೇರುತ್ತದೆ, ಇನ್ನೂ ಎರಡು ಮನೆ ಬಾಕಿ ಇದೆ. ನಾಳೆ ಗಡ್ಡ ಮತ್ತೆ ಅರ್ಧಕ್ಕೇ ನಿಲ್ಲಬಹುದು ಎಂಬುದು ಅವರಿಗೆ ಗೊತ್ತು. ಭಟ್ಟರನ್ನು ಇಲ್ಲಿಯವರೆಗೆ ತಂದದ್ದು ನೀವಲ್ಲವೇ ಎಂದು ಕೇಳಿದರೆ ಬಂಗಾರಿ ತಲೆಯಾಡಿಸಿಬಿಡುತ್ತಾರೆ.

"ನಾನೆಂತ ಮಾಡಿದ್ದೆ? ಬದಿಗೆ ಕೂತಿದ್ದೆ ಅಷ್ಟೆ" ಎಂದು ಹೆದ್ದಾರಿಯ ಕಡೆ ಎರಡು ಹೆಜ್ಜೆ ಇಡುತ್ತಾರೆ. ಮತ್ತೆ ತಿರುಗಿ, ಸಣ್ಣಗೆ ನಕ್ಕು ಹೇಳುತ್ತಾರೆ: "ಎಡಬದಿಗೆ."